ಗುಳಿಗೆ ಬೇಡ, ಗಳಿಗೆ ನೋಡಿ

ಮಂಗಳವಾರಕ್ಕೆ ಸವದತ್ತಿಯಲ್ಲಿ ಇಬ್ಬರು ಹಕ್ಕುದಾರರು. ಗುಡ್ಡದ ಮೇಲೆ ಎಲ್ಲಮ್ಮ, ಕೆಳಗೆ ಸರಕಾರ. ಮನೋಚೈತನ್ಯ ಅಂತ ಹೆಸರಿಟ್ಟು, ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬರಬೇಕು ಎಂದು ಬೆಂಗಳೂರಿನಲ್ಲಿ ಕೂತವರು ಬರೆದರು. ಮಂಗಳವಾರ, ಶುಕ್ರವಾರ ದೇವಿಯ ವಾರಗಳೆಂದು ಅವರಿಗೆ ಯಾರೂ ಹೇಳಿದಂತಿಲ್ಲ. ಗೆದ್ದವರು ಯಾರೆಂದು ತಿಳಿಯಬೇಕಾದರೆ ಎಲ್ಲಮ್ಮನ ಭಕ್ತರು ಮೀಯುವ ಜೋಗುಳಬಾವಿಯ ಸಾಲು ನೋಡಿ.

ಎಲ್ಲಮ್ಮನ ಮೇಲೆ ನನ್ನ ತಕರಾರಿಲ್ಲ. ಗುಳಿಗೆ ನುಂಗಬೇಡ ಎಂದು ಆಕೆ ಯಾರಿಗೂ ಹೇಳಿಲ್ಲ. ಹಾಗೆ ಹೇಳುವವರು ನಮ್ಮ ಮನೆಯಲ್ಲೇ ಇದ್ದಾರೆ. ಚಿಕ್ಕಪ್ಪ, ಸೋದರಮಾವ, ಓಣಿಯ ಹಿರಿಯರು.

‘ಹೊರಗಿಂದೈತಿ, ದವಾಖಾನಿ ಕೆಲಸಲ್ಲ ಇದು.’

ಚಿಕ್ಕಪ್ಪನಿಗೆ ಹದಿನೈದು ವರ್ಷದಿಂದ ಬಿಪಿ, ಶುಗರ್ರು. ಬೆಳಿಗ್ಗೆ ಎರಡು, ರಾತ್ರಿ ಎರಡು. ಒಂದು ದಿನ ತಪ್ಪಿದರೆ ಮನೆಯಲ್ಲಿ ರಂಪ. ಅವರಿಗೆ ಗುಳಿಗೆ ಔಷಧಿ, ಅಣ್ಣನ ಮಗನಿಗೆ ಮಾತ್ರ ಅದು ಚಟ. ‘ಜೀವನಪೂರ್ತಿ ತಗೋಬೇಕಾಗತೈತಿ ನೋಡ’ ಎಂದು ಹೆದರಿಸುತ್ತಾರೆ. ತಾವು ತಗೊಳ್ಳುತ್ತಿರುವುದು ಎಲ್ಲಿಯವರೆಗೆ ಅಂದುಕೊಂಡಿದ್ದಾರೋ.

ಚಟದ ಮಾತು ಬಂತು, ಹೇಳಿಬಿಡುತ್ತೇನೆ. ನಿಜವಾಗಿ ಚಟ ಹತ್ತುವುದು ಅಲ್ಪ್ರಝೋಲಮ್‌ನಂಥ ನಿದ್ದೆ ಗುಳಿಗೆಗೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯಲ್ಲಿದೆ ಅದು. ಅದನ್ನು ‘ಒಂದು ಪಟ್ಟಿ ಕೊಡ್ರಿ’ ಎಂದು ಮೆಡಿಕಲ್ ಅಂಗಡಿಯಲ್ಲಿ ಕೇಳುವವರಿಗೆ ಯಾವ ಅಂಜಿಕೆಯೂ ಇಲ್ಲ. ಖಿನ್ನತೆಯ ಗುಳಿಗೆಗೆ ಅಂಥ ಚಟವಿಲ್ಲ, ಅದನ್ನು ಕಂಡರೆ ಹಾವು ಕಂಡಷ್ಟು ಭಯ. ಅದರ ಸ್ವಭಾವವೂ ಉಪದ್ರವದ್ದೇ ಅನ್ನಿ. ಬಾಯಿ ಒಣಗುವುದು, ಹೊಟ್ಟೆ ತೊಳೆಸುವುದು ಮೊದಲ ವಾರವೇ. ಮನಸ್ಸು ಹಗುರಾಗಲು ಎರಡು, ನಾಲ್ಕು, ಕೆಲವೊಮ್ಮೆ ಆರು ವಾರ. ನಮ್ಮವರು ಹತ್ತನೇ ದಿನಕ್ಕೆ ತೀರ್ಪು ಕೊಟ್ಟಾಗಿರುತ್ತದೆ. ಒಂದು ವೇಳೆ ಗುಣ ಕಂಡರೆ ಇನ್ನೂ ಮೋಜು. ‘ಆರಾಮಾದನಲ್ಲ, ಇನ್ಯಾಕ?’ ಎಂದು ಅಂದೇ ಬಂದ್.

ಗುಳಿಗೆಯ ಪಟ್ಟಿ ಇಡುವ ಜಾಗ ನೋಡಬೇಕು. ಬಿಪಿಯದು ಟಿವಿ ಮುಂದೆ, ಬಂದವರಿಗೆಲ್ಲ ಕಾಣುವಂತೆ. ಹುಡುಗನದು ದೇವರ ಜಗಲಿಯ ಮೇಲೆ ಭಂಡಾರದ ಡಬ್ಬಿಯ ಹಿಂದೆ, ಹಳೇ ಪೇಪರಿನಲ್ಲಿ ಸುತ್ತಿ. ತಾಯಿ ಗುಳಿಗೆಯ ಹೆಸರನ್ನು ಉಗುರಿನಿಂದ ಕೆರೆದು ಅಳಿಸಿರುತ್ತಾಳೆ. ಯಾರಾದರೂ ಕೇಳಿದರೆ ‘ಶಕ್ತಿ ಗುಳಿಗಿ’. ಯಾವುದು ಬೆಳಿಗ್ಗೆಯದು, ಯಾವುದು ರಾತ್ರಿಯದು ಎಂಬುದೂ ಆ ಉಗುರಿನ ಜೊತೆಗೇ ಹೋಯಿತು.

ಇನ್ನು ವೈದ್ಯರು. ಸಾಲು ಬಾಗಿಲಾಚೆಗಿರುತ್ತದೆ, ಒಬ್ಬರಿಗೆ ಮೂರು ನಿಮಿಷ ಸಿಕ್ಕರೆ ಪುಣ್ಯ. ‘ನಿದ್ದಿ ಬರತೈತಿ? ಊಟಾ? ಅದ ಗುಳಿಗಿ ಮುಂದುವರಸ್ರಿ.’ ಗುಳಿಗೆ ಕಿವಿಯೊಳಗಿನ ದನಿಗಳನ್ನು ಅಡಗಿಸುತ್ತದೆ, ನಿಜ. ಆದರೆ ಎರಡು ವರ್ಷ ಮೂಲೆಯಲ್ಲಿ ಕೂತವನನ್ನು ಎಬ್ಬಿಸಿ ಹೊಲಕ್ಕೆ ಕಳಿಸುವುದಿಲ್ಲ. ‘ತಿಂದು ಬಿದ್ದಿರತಾನ’ ಎಂಬ ಅಪ್ಪನ ಮಾತಿಗೆ ಅದರಲ್ಲಿ ಮದ್ದಿಲ್ಲ. ಚುಚ್ಚುಮಾತು ಹೆಚ್ಚಿರುವ ಮನೆಯಲ್ಲಿ ಕಾಯಿಲೆ ಮರುಕಳಿಸುವುದೂ ಹೆಚ್ಚು ಎಂದು ಸಂಶೋಧಕರು ಬರೆದು ಐವತ್ತು ವರ್ಷವಾಯಿತು. ಆಪ್ತಸಮಾಲೋಚನೆ, ಮನೆಯವರಿಗೆ ತಿಳಿವಳಿಕೆ, ಕೈಗೊಂದು ಕೆಲಸ, ಎಲ್ಲವೂ ಕಾಗದದ ಮೇಲೆ ಸೊಗಸಾಗಿವೆ. ಧಾರವಾಡದ ಮಾನಸಿಕ ಆಸ್ಪತ್ರೆ 1845ರದು, ಇಲ್ಲಿಂದ 40 ಕಿ.ಮೀ. ಆಸುಪಾಸು. ಹೋಗಿ ಬಂದರೆ ಮಾತ್ರ ‘ಧಾರವಾಡಕ್ಕ ಹೋಗಿದ್ದನಂತ’ ಎಂಬ ಪಿಸುಮಾತು ಅವನಿಗಿಂತ ಮೊದಲೇ ಬಸ್‌ಸ್ಟ್ಯಾಂಡಿನಲ್ಲಿ ಇಳಿದಿರುತ್ತದೆ.

ಗುಳಿಗೆಯನ್ನೇ ಬಯ್ಯುವ ಪ್ರೇರಣಾ ಭಾಷಣಕಾರರದು ಬೇರೆ ಜಾತಿ. ಉಸಿರು ಎಳೆಯಿರಿ, ನಗಿರಿ, ಧನಾತ್ಮಕವಾಗಿರಿ. ಸಣ್ಣ ಖಿನ್ನತೆಗೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದು. ಮೂರು ದಿನದಿಂದ ಅನ್ನ ಮುಟ್ಟದವಳ ಮುಂದೆ ನಗೆಯ ಪಾಠ ಮಾಡುವವನಿಗೆ ಏನನ್ನಬೇಕು?

ಗುಡಿಯಿಂದ ಗುಣವಾಗುವುದೇ ಇಲ್ಲವೇ? ಆಗುತ್ತದೆ. ತಮಿಳುನಾಡಿನ ಒಂದು ಗುಡಿಯಲ್ಲಿ ತಂಗಿದ್ದ 31 ರೋಗಿಗಳನ್ನು ನಿಮ್ಹಾನ್ಸ್ ವೈದ್ಯರೇ ಪರೀಕ್ಷಿಸಿ 2002ರಲ್ಲಿ ಬರೆದರು. ಲಕ್ಷಣಗಳು ಸುಮಾರು ಶೇ 20ರಷ್ಟು ಇಳಿದಿದ್ದವು. ಅಲ್ಲಿ ಹೊಡೆತವಿರಲಿಲ್ಲ. ಜೊತೆಗೆ ಮನೆಯವರೊಬ್ಬರು, ಕಸ ಗುಡಿಸುವ, ಗಿಡಕ್ಕೆ ನೀರು ಹಾಕುವ ಸಣ್ಣ ಕೆಲಸ, ಹಂಗಿಸದ ನೆರಳು. ಅದೇ ರಾಜ್ಯದ ಏರ್ವಾಡಿಯಲ್ಲಿ 2001ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ ಮನೋರೋಗಿಗಳು ಓಡಲಾಗದೆ 28 ಜನ ಸತ್ತರು. ಅದೂ ಭಕ್ತಿಯ ತಾಣವೇ. ನಮ್ಮವರು ಗುಡಿಯಿಂದ ಅಕ್ಕರೆಯನ್ನು ಕಲಿಯುವುದಿಲ್ಲ, ಹರಕೆಯನ್ನಷ್ಟೇ ಹೊತ್ತು ಬರುತ್ತಾರೆ.

ಕೊನೆಯ ಚಿಕಿತ್ಸೆ ಒಂದಿದೆ, ಯಾವ ವೈದ್ಯಕೀಯ ಪುಸ್ತಕದಲ್ಲೂ ಇಲ್ಲ, ಎಲ್ಲ ಊರಲ್ಲೂ ಇದೆ. ‘ಲಗ್ನಾ ಮಾಡ್ರಿ, ನೆಟ್ಟಗಾಗತಾನ.’

ಹುಡುಗಿ ಕಡೆಯವರು ಎಕರೆ ಕೇಳುತ್ತಾರೆ, ನೀರಾವರಿಯೋ ಎಂದು ಕೇಳುತ್ತಾರೆ. ಹುಡುಗ ರಾತ್ರಿ ಮಲಗುತ್ತಾನೋ ಎಂದು ಕೇಳುವುದಿಲ್ಲ, ಇವರು ಹೇಳುವುದೂ ಇಲ್ಲ. ಗಳಿಗೆ ನೋಡಲು ಮೂರು ಊರಿನ ಶಾಸ್ತ್ರಿಗಳು. ಮದುವೆಗೆ ತಿಂಗಳಿರುವಾಗ ಗುಳಿಗೆ ಬಂದ್, ಬೀಗರ ಕಣ್ಣಿಗೆ ಬಿದ್ದೀತೆಂದು. ಆಷಾಢದ ಹೊತ್ತಿಗೆ ಹುಡುಗ ಬಾಗಿಲು ಹಾಕಿಕೊಂಡು ತನ್ನಷ್ಟಕ್ಕೆ ತಾನೇ ಮಾತಾಡುತ್ತಿರುತ್ತಾನೆ.

ಗುಳಿಗೆ ನಿಲ್ಲಿಸಿದವರು ಯಾರೆಂದು ಒಬ್ಬರೂ ಬಾಯಿ ಬಿಡುವುದಿಲ್ಲ. ಹೆಣ್ಣಿನ ತವರಿಗೆ ಫೋನು ಹೋಗುತ್ತದೆ: ‘ನಿಮ್ಮ ಹುಡುಗಿ ಕಾಲ್ಗುಣ ಛಲೋ ಇಲ್ಲ. ಬಂದು ಕರಕೊಂಡ ಹೋಗ್ರಿ.’