ಪೇಟೆ ಲಕ್ಷಣ ನಿರ್ಣಯ: ಶಿರಸಿ ಸೀಮೆಯ ಆಧಾರದಿಂದ

ಒಳ್ಳೆಯ ನಗರಕ್ಕೆ ಲಕ್ಷಣ ಹೇಳಹೊರಟ ಪಂಡಿತರು ಬಾಸ್ಟನ್, ನ್ಯೂಯಾರ್ಕ್ ಎಂದು ಅಲೆದದ್ದೇ ಮೊದಲ ದೋಷ. ಕೆವಿನ್ ಲಿಂಚ್ 1960ರಲ್ಲಿ ದಾರಿ, ಅಂಚು, ಕೇರಿ, ಕೂಡುತಾಣ, ಗುರುತು ಎಂದು ನಗರಕ್ಕೆ ಐದು ಅಂಗ ಹೇಳಿದರು. ಬೀದಿಯ ಮೇಲೆ ನಾಲ್ಕು ಜನರ ಕಣ್ಣಿದ್ದರೆ ಊರು ಕ್ಷೇಮ ಎಂದು ಮರುವರ್ಷ ಜೇನ್ ಜೇಕಬ್ಸ್ ಬರೆದರು. ಶಿರಸಿಯ ಐದು ರಸ್ತೆ ಸರ್ಕಲ್ಲಿನಲ್ಲಿ ಒಂದು ಕವಳ ಹಾಕುವಷ್ಟು ಹೊತ್ತು ನಿಂತಿದ್ದರೆ ಇಬ್ಬರಿಗೂ ಪುಸ್ತಕದ ಶ್ರಮ ಉಳಿಯುತ್ತಿತ್ತು. ಅಲ್ಲಿನ ಬೀದಿಗೆ ಕಣ್ಣಷ್ಟೇ ಅಲ್ಲ, ಅಡಿಕೆ ದರ ಕೇಳುವ ಬಾಯಿಯೂ ಇದೆ: ‘ಹೋಯ್, ಇವತ್ತು ರಾಶಿ ಎಷ್ಟಾತಡ?’

ಪೂರ್ವಪಕ್ಷ ಹೀಗಿದೆ: ಬಹಳ ಜನ ವಾಸಿಸುವ, ರೈಲು ನಿಲ್ಲುವ ಸ್ಥಳವೇ ನಗರ. ಘಟ್ಟದ ಮೇಲೆ ಈ ಲಕ್ಷಣಕ್ಕೆ ಅವ್ಯಾಪ್ತಿ ದೋಷ ತಟ್ಟುತ್ತದೆ. 2011ರ ಜನಗಣತಿಯಲ್ಲಿ ಶಿರಸಿಯ ಜನಸಂಖ್ಯೆ 60 ಸಾವಿರ ಚಿಲ್ಲರೆ. ರೈಲಂತೂ ಇಲ್ಲವೇ ಇಲ್ಲ. ಪಕ್ಕದ ತಾಲ್ಲೂಕಿನ ಸಿದ್ದಾಪುರದವರು ರೈಲಿನ ಮುಖ ನೋಡಬೇಕೆಂದರೆ ಜಿಲ್ಲೆಯ ಗಡಿ ದಾಟಿ ತಾಳಗುಪ್ಪಕ್ಕೆ ಹೋಗಬೇಕು. ಯಲ್ಲಾಪುರದ ಕಡೆ ಹಾಯಬೇಕಾದ ಹುಬ್ಬಳ್ಳಿ–ಅಂಕೋಲಾ ರೈಲು 1990ರ ದಶಕದಿಂದ ಕಡತದಿಂದ ಕಡತಕ್ಕೆ ಓಡುತ್ತಿದೆ.

ಆದ್ದರಿಂದ ಸಿದ್ಧಾಂತ: ಸಂಜೆ ಕೊನೆ ಬಸ್ಸಿಗೆ ಓಡುವವರು ಎಲ್ಲಿ ಹೆಚ್ಚೋ ಅದೇ ಪೇಟೆ.

ಹೇತುವೂ ಉಂಟು. ಬಯಲುಸೀಮೆಯಂತೆ ಇಲ್ಲಿ ಮನೆಗಳು ಗುಂಪುಗೂಡಿಲ್ಲ. ತೋಟವಿದ್ದಲ್ಲಿ ಮನೆ, ಮನೆಯ ಹಿಂದೆ ಬೆಟ್ಟ, ಮುಂದಿನ ಮನೆಗೆ ಒಂದು ಗುಡ್ಡ ಹತ್ತಿಳಿಯಬೇಕು. ಊರು ಮಾಡಬೇಕಾದ ಕೆಲಸವನ್ನೆಲ್ಲ ಪೇಟೆಯೇ ಮಾಡಬೇಕು. ಬ್ಯಾಂಕಿನದೊಂದು ಕೆಲಸ ಎಂದು ಹೊರಟವರು ಮಿಕ್ಸರ್ ರಿಪೇರಿ, ಜಾತಕ ವಿಚಾರಣೆ, ಹಲ್ಲಿನ ಡಾಕ್ಟರು, ಮಸಾಲೆದೋಸೆ ಎಲ್ಲ ಮುಗಿಸಿಯೇ ಬಸ್ ಸ್ಟ್ಯಾಂಡಿಗೆ ಬರುವುದು.

ನಗರಯೋಜಕರು ‘ಮಿಶ್ರ ಬಳಕೆ’ ಎಂದು ಈಗ ಕನವರಿಸುವ ತತ್ತ್ವ 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಸಂಘ, ಅಂದರೆ ಟಿಎಸ್‌ಎಸ್‌ನಲ್ಲಿ ಸಾಕಾರಗೊಂಡಿದೆ. ಅಡಿಕೆ ಮಾರಾಟವೂ ಅದರದೇ, ಸೂಪರ್ ಮಾರ್ಕೆಟ್ಟೂ ಅದರದೇ, ಆಸ್ಪತ್ರೆಯೂ ಅದರದೇ. ಯಾರ್ಡಿನಲ್ಲಿ ರಾಶಿ, ಚಾಲಿ, ಬೆಟ್ಟೆ, ಗೋಟು ಎಂದು ಜಾತಿವಾರು ಸುರಿದಿರುತ್ತಾರೆ. ವ್ಯಾಪಾರಿ ಒಂದು ಅಡಿಕೆ ಎತ್ತಿ, ಅಡಕತ್ತರಿಯಲ್ಲಿ ಸೀಳಿ, ಒಳಬಣ್ಣ ನೋಡಿ, ಮುಖದಲ್ಲಿ ಏನೂ ತೋರಗೊಡದೆ ದರ ನಮೂದಿಸುತ್ತಾನೆ. ಆ ದರ ಏರಿದ ದಿನ ಬಟ್ಟೆ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಇಳಿದ ದಿನ ಮದುವೆಗಳೇ ಮುಂದಕ್ಕೆ ಹೋಗುತ್ತವೆ ಎಂಬುದು ಕೊಂಚ ಅತಿವ್ಯಾಪ್ತಿಯ ಮಾತು.

ಇನ್ನು ಪೇಟೆಯ ವ್ಯಕ್ತಿತ್ವ. ಊರ ನಡುವಿನ ಬಿಡ್ಕಿಬೈಲು ಮಾಮೂಲಿ ದಿನಗಳಲ್ಲಿ ಒಂದು ಬಯಲು, ಅಷ್ಟೇ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಸೀಮೆಯ ದೇವಿ ಮಾರಿಕಾಂಬೆ ರಥವೇರಿ ಅಲ್ಲಿಗೆ ಬಂದು ಗದ್ದುಗೆಯಲ್ಲಿ ಕೂರುತ್ತಾಳೆ. ತೊಟ್ಟಿಲು, ನಾಟಕ, ಯಕ್ಷಗಾನ, ಮಿಠಾಯಿ ಸೇರಿ ವಾರದಲ್ಲಿ ಎರಡನೆಯ ಶಿರಸಿ ಎದ್ದು ನಿಲ್ಲುತ್ತದೆ. ಕೊನೆಗೆ ಮಾತಂಗಿ ಚಪ್ಪರಕ್ಕೆ ಬೆಂಕಿ. ಯುಗಾದಿಯ ಪುನಃಪ್ರತಿಷ್ಠೆಯವರೆಗೆ ದೇವಿಯ ದರ್ಶನವಿಲ್ಲ. ಕಟ್ಟಿದ್ದನ್ನು ಸಕಾಲದಲ್ಲಿ ಕಿತ್ತು ಬಯಲನ್ನು ಬಯಲಾಗಿಯೇ ಬಿಟ್ಟುಕೊಡುವ ವಿದ್ಯೆ ಬಹಳ ಮಹಾನಗರಗಳಿಗೆ ಇನ್ನೂ ಒಲಿದಿಲ್ಲ. ಗಾಂಧೀಜಿ 1934ರಲ್ಲಿ ಶಿರಸಿಗೆ ಬಂದುಹೋದ ಕಾಲಕ್ಕೆ ಕೋಣಬಲಿ ಹೋಯಿತು, ಜಾತ್ರೆ ಉಳಿಯಿತು. ಜಾತ್ರೆಯಿಲ್ಲದ ವರ್ಷ ಊರು ಬೇಸರಪಟ್ಟುಕೊಳ್ಳಬಾರದಲ್ಲ. ಆ ವರ್ಷದ ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ. ನವಿಲುಗರಿ ಕಟ್ಟಿ, ಕೆಂಪು ಬಳಿದು, ಕತ್ತಿ ಗುರಾಣಿ ಹಿಡಿದು, ತಮಟೆ ಬಡಿತಕ್ಕೆ ಬೇಡನು ಜನರ ಮೇಲೇ ನುಗ್ಗುತ್ತಾನೆ. ಸಮ ವರ್ಷ ದೇವಿಗೆ, ಬೆಸ ವರ್ಷ ಬೇಡನಿಗೆ: ಇಂಥ ಪಾಳಿ ಪದ್ಧತಿ ಲಿಂಚರ ಪಟ್ಟಿಯಲ್ಲಿಲ್ಲ.

ಯಲ್ಲಾಪುರ ಈ ಸಿದ್ಧಾಂತಕ್ಕೆ ಉಪಪತ್ತಿ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯ ಲಾರಿಗಳು ಅರಬೈಲ್ ಘಟ್ಟ ಇಳಿಯುವ ಮುನ್ನ ಒಮ್ಮೆ ಉಸಿರು ಬಿಡುವ ಸ್ಥಳವದು. ರವಿವಾರದ ಸಂತೆಗೆ ಸುತ್ತಲಿನ ಕಾಡಿನಿಂದ ಸಿದ್ದಿಯರು, ಗೌಳಿಗಳು ಬಂದಿಳಿದರೆ ಜನಗಣತಿಯ ಲೆಕ್ಕವೆಲ್ಲ ಸಂಜೆಯವರೆಗೆ ಅಮಾನತು.

ಸಿದ್ದಾಪುರದವರದು ಮಾತ್ರ ಆಕ್ಷೇಪವಿದೆ. ಶಿರಸಿಗೆ ಬಂದು ಸಾಮಾನು ಒಯ್ದ ಮಾತ್ರಕ್ಕೆ ತಾವು ಕಡಿಮೆಯೇನಲ್ಲ. ಶಿರಸಿಯಲ್ಲಿರುವುದು ಸೀಮೆಯ ದೇವಿ, ತಮ್ಮ ತಾಲ್ಲೂಕಿನ ಭುವನಗಿರಿಯಲ್ಲಿರುವ ಭುವನೇಶ್ವರಿ ಇಡೀ ಕರ್ನಾಟಕದ ದೇವಿ. ಮೇಲಾಗಿ ದೊಡ್ಮನೆಯ ರಾಮಕೃಷ್ಣ ಹೆಗಡೆಯವರು 1983ರಲ್ಲಿ ಮುಖ್ಯಮಂತ್ರಿಯಾದದ್ದನ್ನು ಯಾವ ಲಕ್ಷಣಗ್ರಂಥದಲ್ಲಿ ಸೇರಿಸುತ್ತೀರಿ ಎಂಬುದು ಅವರ ಪ್ರಶ್ನೆ. ಶಿರಸಿಯಿಂದ ಉತ್ತರ ಬಂದಿಲ್ಲ. ಕೇಳಿದ್ದು ಮಂಗಳವಾರ, ಸಂತೆಯ ದಿನವಾದ್ದರಿಂದ ಯಾರಿಗೂ ಪುರುಸೊತ್ತಿರಲಿಲ್ಲ.