ಅರ್ಧ ನಿಮಿಷದ ಪುರಾಣ

ಲಗ್ನಪತ್ರಿಕೆ ಹಂಚಿ ಆಗಿದೆ. ಅದರಲ್ಲಿ ತಾರೀಕಿಲ್ಲ, ಛತ್ರದ ವಿಳಾಸವಿಲ್ಲ, ಗಂಡು ಯಾರು ಹೆಣ್ಣು ಯಾರು ಎಂಬುದೂ ಇಲ್ಲ. ‘ಮದುವೆ ಉಂಟು’ ಎಂದಷ್ಟೇ ಇದೆ. ನೆಂಟರೆಲ್ಲ ಅಂದಿನಿಂದ ಜರಿ ಸೀರೆ, ರೇಷ್ಮೆ ಪಂಚೆ ಉಟ್ಟುಕೊಂಡೇ ಕೂತಿದ್ದಾರೆ. ‘ದಿ ಎಲ್ಡರ್ ಸ್ಕ್ರೋಲ್ಸ್ 6’ ಎಂಬ ಇನ್ನೂ ಬಾರದ ವಿಡಿಯೋ ಗೇಮಿನ ಅಭಿಮಾನಿಗಳ ಪಾಡು ಹೆಚ್ಚುಕಮ್ಮಿ ಇದೇ.

ಪತ್ರಿಕೆ ಹಂಚಿದ್ದು 2018ರ ಜೂನ್‌ನಲ್ಲಿ. ಲಾಸ್ ಏಂಜಲೀಸ್‌ನ ಇ3 ಎಂಬ ಗೇಮ್ ಮೇಳದ ಹೊತ್ತಿಗೆ ಬೆಥೆಸ್ಡಾ ಕಂಪನಿಯ ಟಾಡ್ ಹೊವರ್ಡ್ ವೇದಿಕೆ ಹತ್ತಿ ಅರ್ಧ ನಿಮಿಷದ ತುಣುಕೊಂದನ್ನು ತೋರಿಸಿದರು. ಒಂದಿಷ್ಟು ಮಂಜು, ಒಂದಿಷ್ಟು ಗುಡ್ಡ, ಪಕ್ಕದಲ್ಲಿ ನೀರು, ಕೊನೆಗೆ ಆಟದ ಹೆಸರು. ಮನುಷ್ಯರಿಲ್ಲ, ಡ್ರ್ಯಾಗನ್ ಇಲ್ಲ, ಮೇಯುವ ಒಂದು ಆಡೂ ಇಲ್ಲ. ಮೊದಲು ‘ಸ್ಟಾರ್‌ಫೀಲ್ಡ್’ ಎಂಬ ಆಟ ಬರಬೇಕು, ಇದು ಅದಾದ ಮೇಲೆ ಎಂದೂ ಹೇಳಿದರು. ಆ ಸ್ಟಾರ್‌ಫೀಲ್ಡ್ ಬಂದದ್ದು 2023ರ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಮೈಕ್ರೋಸಾಫ್ಟ್ ಬೆಥೆಸ್ಡಾವನ್ನೇ ಕೊಂಡುಕೊಂಡಿತ್ತು. ಅದರ ಗೇಮ್ ವಿಭಾಗದ ಆಗಿನ ಯಜಮಾನ ಫಿಲ್ ಸ್ಪೆನ್ಸರ್, ಎಲ್ಡರ್ ಸ್ಕ್ರೋಲ್ಸ್ 6ಕ್ಕೆ ಇನ್ನೂ ಐದು ವರ್ಷಕ್ಕಿಂತ ಹೆಚ್ಚೇ ಆದೀತು ಎಂದು 2023ರಲ್ಲೇ ಅಮೆರಿಕದ ಕೋರ್ಟಿನಲ್ಲಿ ಹೇಳಿದರು. ಜಾಹೀರಾತಿನ ಮಾತಾಗಿದ್ದರೆ ಅನುಮಾನಿಸಬಹುದಿತ್ತು. ಪ್ರಮಾಣ ಮಾಡಿ ಹೇಳಿದ್ದನ್ನು ಏನು ಮಾಡುವುದು?

ನನ್ನ ತಂಗಿಯ ಮಗನೂ ಈ ನೆಂಟರಲ್ಲೊಬ್ಬ. ಹಿಂದಿನ ಆಟ ‘ಸ್ಕೈರಿಮ್’ 2011ರ ನವೆಂಬರ್ 11ಕ್ಕೆ ಬಂದಾಗ ಅವನು ಪಿಯುಸಿ ಓದುತ್ತಿದ್ದ. ಓದುತ್ತಿದ್ದ ಎನ್ನುವುದು ಅವನ ತಾಯಿಯ ನಂಬಿಕೆ. ಈಗ ಅವನ ಮಗಳೇ ಎಲ್‌ಕೆಜಿಗೆ ಹೋಗುತ್ತಾಳೆ. ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ಆ ತುಣುಕು ತೋರಿಸಿದ.

“ಆ ಬಂಡೆ ನೋಡಿ ಮಾಮ.”

“ನೋಡಿದೆ. ಬಂಡೆ.”

“ಅಷ್ಟೇನಾ? ಹ್ಯಾಮರ್‌ಫೆಲ್ ಬಂಡೆ ಅದು!”

ಹ್ಯಾಮರ್‌ಫೆಲ್ ಎಂದರೆ ಈ ಆಟಗಳ ಲೋಕವಾದ ಟ್ಯಾಮ್ರಿಯೆಲ್ ಖಂಡದ ಮರುಭೂಮಿ ಸೀಮೆಯಂತೆ. ಆ ಖಂಡದ ಒಂಬತ್ತು ಪ್ರಾಂತ್ಯಗಳ ಬೆಟ್ಟ, ಹೊಳೆ, ರಾಜವಂಶಗಳೆಲ್ಲ ಇವನಿಗೆ ಬಾಯಿಪಾಠ. ತನ್ನ ಅಜ್ಜನ ಊರು ಯಾವ ತಾಲ್ಲೂಕಿಗೆ ಸೇರುತ್ತದೆಂದು ಕೇಳಲು ಮಾತ್ರ ನನಗೆ ಫೋನು ಮಾಡುತ್ತಾನೆ.

ಕಂಪನಿ ಬಾಯಿ ಬಿಡದಿದ್ದರೆ ಭಕ್ತರೇ ವ್ಯಾಖ್ಯಾನ ಬರೆಯಬೇಕಲ್ಲ. 2020ರ ಡಿಸೆಂಬರ್ 31ರಂದು ಬೆಥೆಸ್ಡಾ, ನಕ್ಷೆಯ ಮೇಲೆ ಮೇಣದಬತ್ತಿ ಇಟ್ಟ ಒಂದು ಚಿತ್ರ ಹಾಕಿತು. ಊರೆಲ್ಲ ಹೊಸ ವರ್ಷದ ಕೇಕು ಕತ್ತರಿಸುತ್ತಿದ್ದರೆ, ಇವರು ಬತ್ತಿ ಯಾವ ಸೀಮೆಯ ಮೇಲಿದೆ ಎಂದು ಭೂತಗನ್ನಡಿ ಹಿಡಿದಿದ್ದರು. ಅದಕ್ಕೂ ಮುಂಚೆ ಕಂಪನಿಯವರು ‘ರೆಡ್‌ಫಾಲ್’ ಎಂಬ ಹೆಸರನ್ನು ನೋಂದಾಯಿಸಲು ಹೋಗಿದ್ದರು. ಹ್ಯಾಮರ್‌ಫೆಲ್‌ನ ಜನರಿಗೆ ರೆಡ್‌ಗಾರ್ಡ್‌ಗಳೆಂದು ಹೆಸರು, ಆದ್ದರಿಂದ ರೆಡ್‌ಫಾಲ್ ಎಂದರೆ ಇದೇ ಆಟ ಎಂದು ತೀರ್ಮಾನವಾಯಿತು. ಕೊನೆಗೆ ನೋಡಿದರೆ ಅದು ರಕ್ತಪಿಶಾಚಿಗಳಿಗೆ ಗುಂಡು ಹೊಡೆಯುವ ಬೇರೆಯದೇ ಆಟ!

ಇಷ್ಟು ಕಾಲ ಕಂಪನಿ ಸುಮ್ಮನೆ ಕೂತಿತ್ತು ಎನ್ನುವಂತಿಲ್ಲ. ಸ್ಕೈರಿಮ್ ಅನ್ನೇ ಮತ್ತೆ ಮತ್ತೆ ಮಾರಿತು. 2016ರಲ್ಲಿ ಸ್ಪೆಷಲ್ ಎಡಿಷನ್, 2017ರಲ್ಲಿ ಸ್ವಿಚ್ ಎಂಬ ಗೇಮ್ ಯಂತ್ರಕ್ಕೊಂದು, ಕಣ್ಣಿಗೆ ಡಬ್ಬ ಕಟ್ಟಿಕೊಂಡು ಆಡುವ ವಿಆರ್‌ಗೊಂದು, 2021ರಲ್ಲಿ ಆನಿವರ್ಸರಿ ಎಡಿಷನ್. 2018ರ ಅದೇ ಮೇಳದಲ್ಲಿ, ಸ್ಕೈರಿಮ್ ಅನ್ನು ಫ್ರಿಜ್ಜಿನಲ್ಲೂ ಪೇಜರ್‌ನಲ್ಲೂ ಆಡಬಹುದೆಂದು ತಮ್ಮನ್ನು ತಾವೇ ಗೇಲಿ ಮಾಡಿಕೊಂಡ ವಿಡಿಯೋ ಬಿಟ್ಟರು. ಅದರಲ್ಲಿದ್ದ ಅಲೆಕ್ಸಾ ಆವೃತ್ತಿ ಮಾತ್ರ ನಿಜವಾಗಿಯೂ ಇತ್ತು. ನಮ್ಮವನು ಇವುಗಳಲ್ಲಿ ಎಷ್ಟು ಕೊಂಡಿದ್ದಾನೆಂದು ಅವನ ಹೆಂಡತಿಗೆ ನಾನು ಹೇಳಿಲ್ಲ. ಮನೆ ಒಡೆಯುವ ಪಾಪ ನನಗೇಕೆ?

ಈ ಕೂಟದಲ್ಲಿ ಹುಡುಗರಷ್ಟೇ ಇದ್ದಾರೆಂದುಕೊಳ್ಳಬೇಡಿ. ಅಮೆರಿಕದ ಶರ್ಲಿ ಕರಿ ಎಂಬ ಅಜ್ಜಿ, ಎಂಬತ್ತು ದಾಟಿದ ಮೇಲೂ ಸ್ಕೈರಿಮ್ ಆಡುತ್ತಾ ಯೂಟ್ಯೂಬಿನಲ್ಲಿ ಹೆಸರಾದವರು. ಹೊಸ ಆಟದಲ್ಲಿ ಅವರನ್ನೊಂದು ಪಾತ್ರ ಮಾಡಿ ಎಂದು ಅಭಿಮಾನಿಗಳು ಸಹಿ ಸಂಗ್ರಹಿಸಿದರು, 2019ರಲ್ಲಿ ಕಂಪನಿ ಒಪ್ಪಿತು. 2025ರಲ್ಲಂತೂ ಇಂಥದೇ ಒಂದು ಪಾತ್ರ ರೂಪಿಸುವ ಅವಕಾಶವನ್ನು ಮಕ್ಕಳ ನೆರವಿನ ಸಂಸ್ಥೆಗಾಗಿ ಹರಾಜು ಹಾಕಿದಾಗ 85 ಸಾವಿರ ಡಾಲರಿಗೂ ಮೇಲೆ ಕೂಗು ಹೋಯಿತು. ಇಲ್ಲದ ಊರಿನ ಪೌರತ್ವಕ್ಕೆ ಇಷ್ಟು ರೇಟು!

“ಅಲ್ಲ ಕಣೋ, ಬಂದಾಗ ಹೇಗಿರಬೇಕು ನಿನ್ನ ಆಟ?” ಎಂದು ಕೇಳಿದೆ.

“ಎಲ್ಲಾ ಹೊಸದಾಗಿರಬೇಕು ಮಾಮ. ಆದರೆ ಕುದುರೆ ಮಾತ್ರ ಗೋಡೆಯಂಥ ಬೆಟ್ಟವನ್ನೂ ನೆಟ್ಟಗೆ ಹತ್ತಬೇಕು. ದೈತ್ಯ ಗದೆ ಬೀಸಿದರೆ ನಾವು ಮೋಡದವರೆಗೆ ಹಾರಬೇಕು. ಡ್ರ್ಯಾಗನ್ ಮೈಮೇಲೆ ಬಿದ್ದಾಗ ಆಟ ನಿಲ್ಲಿಸಿ, ಚೀಲದ ಚೀಸನ್ನೆಲ್ಲ ತಿಂದು ಪ್ರಾಣ ಉಳಿಸಿಕೊಳ್ಳೋ ಹಾಗಿರಬೇಕು. ಆಮೇಲೆ ಆ ಅಂಗಡಿಯವನು...”

ಅಂಗಡಿಯವನ ತಲೆಗೆ ಬಕೆಟ್ ಕವುಚಿದರೆ ಅವನಿಗೆ ಕಣ್ಣು ಕಾಣದು, ಅಂಗಡಿಯನ್ನೆಲ್ಲ ದೋಚಿದರೂ ಅವನಿಗೆ ಗೊತ್ತಾಗದು. ಸ್ಕೈರಿಮ್‌ನ ಜಗತ್ಪ್ರಸಿದ್ಧ ಕಳ್ಳತನ ಅದು.

“ಇವೆಲ್ಲ ಮಾಡಿದವರ ಎಡವಟ್ಟಲ್ಲವೇನೋ?”

“ಅದಿಲ್ಲದಿದ್ರೆ ಮಜಾ ಏನಿದೆ ಮಾಮ?”

ಪಾಪ, ಮೇರಿಲ್ಯಾಂಡ್‌ನ ರಾಕ್‌ವಿಲ್‌ನಲ್ಲಿ ಕೂತ ಎಂಜಿನಿಯರುಗಳು ಈ ಎಡವಟ್ಟುಗಳನ್ನೇ ತಿದ್ದಲು ರಾತ್ರಿ ಹಗಲು ದುಡಿಯುತ್ತಿರಬಹುದು. ಹೊಸ ಆಟದ ಅಂಗಡಿಯವನು ಬಕೆಟ್ ಕಿತ್ತೆಸೆದು “ಕಳ್ಳ, ಕಳ್ಳ” ಎಂದು ಕೂಗಿದನೋ, ಕೆಟ್ಟಿತು ಕೆಲಸ. ಆದರೂ ಗಾಬರಿ ಬೇಡ. ಈ ಅಭಿಮಾನಿಗಳು ಆಟವನ್ನು ತಮಗೆ ಬೇಕಾದಂತೆ ಬದಲಿಸುವ ‘ಮಾಡ್’ ಬರೆದು ಸ್ಕೈರಿಮ್‌ನ ಡ್ರ್ಯಾಗನ್ನುಗಳನ್ನು ಥಾಮಸ್ ಎಂಬ ಮಕ್ಕಳ ಕಾರ್ಟೂನಿನ ರೈಲು ಎಂಜಿನ್ನಾಗಿ ಮಾಡಿದವರು. ಅಂಗಡಿಯವನಿಗೆ ಬುದ್ಧಿ ಬಂದ ವಾರದೊಳಗೆ, ಅವನನ್ನು ಮತ್ತೆ ದಡ್ಡನಾಗಿಸುವ ಮಾಡ್ ಒಂದು ಖಂಡಿತ ಬರುತ್ತದೆ, ಅದೂ ಬಿಟ್ಟಿ.