ಮಿಸ್ಸಿಂಗ್ ರಾಯರು

ಹಳೇ ಫಿಯಟ್ ಕೊಳ್ಳುವವರಲ್ಲಿ ಎರಡು ಪಂಗಡ. ಓಡಿಸುವುದಕ್ಕೆ ಕೊಳ್ಳುವವರು ಒಂದು, ಬಾನೆಟ್ ಎತ್ತುವುದಕ್ಕೆ ಕೊಳ್ಳುವವರು ಇನ್ನೊಂದು. ಮೈಸೂರಿನ ಸರಸ್ವತೀಪುರಂನಲ್ಲಿ, ನಮ್ಮ ಬೀದಿಯಲ್ಲಿರುವ ರಾಯರು ಎರಡನೆಯ ಪಂಗಡದವರು. ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಬೇರೆಯವರ ಸಾಲದ ಅರ್ಜಿಗಳಲ್ಲಿ ತಪ್ಪು ಹುಡುಕುತ್ತಲೇ ತಲೆ ನರೆತಿತ್ತು. ನಿವೃತ್ತಿಯಾದ ಮೇಲೆ ಹುಡುಕಲು ಅರ್ಜಿಗಳಿಲ್ಲದೆ ಸಾರಿನ ಒಗ್ಗರಣೆ, ಬಟ್ಟೆ ಒಣಹಾಕುವ ಕ್ರಮ, ಹಾಲಿನ ಲೆಕ್ಕ ಇವುಗಳ ಕಡೆ ತಿರುಗಿದ್ದರು. "ಚಿಕ್ಕಂದಿನಿಂದ ಆಸೆ ಅಂತಿದ್ರಲ್ಲ, ಆ ಕಾರನ್ನಾದ್ರೂ ತಂದ್ಕೊಳ್ಳಿ" ಎಂದು ಮನೆಯಾಕೆಯೇ ಅಪ್ಪಣೆ ಕೊಟ್ಟರೆಂದರೆ ಪರಿಸ್ಥಿತಿ ಎಲ್ಲಿಗೆ ಮುಟ್ಟಿತ್ತೆಂದು ಊಹಿಸಬಹುದು.

ಬಂದದ್ದು 1986ರ ಪ್ರೀಮಿಯರ್ ಪದ್ಮಿನಿ, ಕೆನೆ ಬಣ್ಣ. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಅದಕ್ಕೂ ಹತ್ತು ವರ್ಷ ಮೊದಲೇ ಇದೇ ಗಾಡಿ ಮುಂಬಯಿಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಆಗಿ ತಯಾರಾಗುತ್ತಿದ್ದುದರಿಂದ, ಹಿಂದೆ ಏನೇ ಬರೆದಿರಲಿ, ನಮ್ಮ ಜನಕ್ಕೆ ಅದು ಫಿಯಟ್ಟೇ. 1089 ಸಿಸಿ ಇಂಜಿನ್, ನಾಲ್ಕು ಸಿಲಿಂಡರ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಮಾರಿದವನು ಹೇಳಿದ್ದು ಒಂದೇ ಮಾತು: "ಡಾಕ್ಟರ್ ಗಾಡಿ ಸಾರ್. ಮನೆ ಬಿಟ್ರೆ ಕ್ಲಿನಿಕ್ಕು, ಕ್ಲಿನಿಕ್ ಬಿಟ್ರೆ ಮನೆ." ಕರ್ನಾಟಕದಲ್ಲಿ ಮಾರಾಟಕ್ಕೆ ಬರುವ ಪ್ರತಿ ಹಳೇ ಫಿಯಟ್ಟನ್ನೂ ಒಬ್ಬ ಡಾಕ್ಟರೇ ಓಡಿಸಿರುತ್ತಾರೆ. ಆ ಕಾಲದಲ್ಲಿ ಹಳ್ಳಿಗಳಲ್ಲಿ ವೈದ್ಯರ ಕೊರತೆಯಿತ್ತು ಎಂಬ ಮಾತನ್ನು ಇನ್ನು ನಂಬುವುದು ಹೇಗೆ?

ತೋರಿಸುವಾಗ ಗಾಡಿ ಸೊಗಸಾಗಿಯೇ ಓಡಿತ್ತು. ಮಾರುವವನು ಮೊದಲೇ ಒಂದು ಸುತ್ತು ಹೊಡೆದು ಇಂಜಿನ್ ಬಿಸಿ ಮಾಡಿಟ್ಟಿದ್ದ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ಮಾರನೆಯ ದಿನ ಬೆಳಗ್ಗೆ ರಾಯರು ಚೋಕ್ ಎಳೆದು ಸೆಲ್ಫ್ ಹೊಡೆದಾಗ ಅದು ಕೆಮ್ಮಿ, ಕ್ಯಾಕರಿಸಿ ಸ್ಟಾರ್ಟ್ ಆಯಿತು. ಆಮೇಲೆ ಕಾರಿನ ಕನ್ನಡಿ ನಡುಗಿತು, ಡ್ಯಾಶ್‌ಬೋರ್ಡ್ ಮೇಲಿಟ್ಟ ಗಣಪತಿ ನಡುಗಿದ, ಒಳಗೆ ಕೂತ ರಾಯರ ಕನ್ನಡಕ ಮೂಗಿನ ತುದಿಗೆ ಜಾರಿತು. ಗೇರಿಗೆ ಹಾಕಿದರೆ ಜರ್ಕ್, ಆಕ್ಸಿಲರೇಟರ್ ಬಿಟ್ಟರೆ ಆಫ್. ಗ್ಯಾರೇಜಿನವರು ಇದಕ್ಕೆಲ್ಲ ಸೇರಿಸಿ 'ಮಿಸ್ಸಿಂಗ್' ಎನ್ನುತ್ತಾರೆ. ಆವತ್ತಿನಿಂದ ನಮ್ಮ ಬೀದಿಯ ಹುಡುಗರ ಬಾಯಲ್ಲಿ ಅವರು ಮಿಸ್ಸಿಂಗ್ ರಾಯರು.

ಎತ್ತಿದ ಬಾನೆಟ್ಟಿನ ಮುಂದೆ ನಮ್ಮ ದೇಶದ ಗಂಡಸು ಸುಮ್ಮನೆ ಹಾದುಹೋಗಲಾರ. ಮೂಲೆಮನೆಯ ಭೌತಶಾಸ್ತ್ರದ ಪ್ರೊಫೆಸರು ಕೈ ಹಿಂದೆ ಕಟ್ಟಿ ಆಲಿಸಿ, "ಕಂಪ್ರೆಶನ್ ಹೋಗಿದೆ" ಎಂದರು. ಮುಂಬಯಿಯಲ್ಲಿ ಬಾಳಿ ಬಂದ ಹಿರಿಯರೊಬ್ಬರು, ತಾವು ಹತ್ತಿದ ಟ್ಯಾಕ್ಸಿಗಳಲ್ಲಿ ಒಂದೂ ಹೀಗೆ ನಡುಗಿರಲಿಲ್ಲವೆಂದೂ, 2023ರ ಅಕ್ಟೋಬರಿನಲ್ಲಿ ಕಪ್ಪು ಹಳದಿ ಪದ್ಮಿನಿಗಳು ಅಲ್ಲಿನ ರಸ್ತೆಯಿಂದ ಮಾಯವಾದ ಮೇಲೆ ಆ ಊರಿಗೆ ಹೋಗುವ ಮನಸ್ಸೇ ಇಲ್ಲವೆಂದೂ ಹೇಳಿದರು. ಅದರಿಂದ ಇಂಜಿನ್ನಿಗೆ ಆದ ಉಪಯೋಗ ತಿಳಿಯಲಿಲ್ಲ. ಸಾಫ್ಟ್‌ವೇರ್ ಹುಡುಗನೊಬ್ಬ, "ಸ್ಕ್ಯಾನರ್ ಹಾಕಿದ್ರೆ ಎರರ್ ಕೋಡ್ ಬರುತ್ತೆ ಅಂಕಲ್" ಎಂದು ಅದನ್ನು ಚುಚ್ಚುವ ಜಾಗ ಹುಡುಕುತ್ತಾ ಡ್ಯಾಶ್‌ಬೋರ್ಡಿನ ಕೆಳಗೆ ಬಹಳ ಹೊತ್ತು ಮಲಗಿದ್ದ. ಫ್ಯೂಸ್ ಬಾಕ್ಸೊಂದು ಸಿಕ್ಕಿತು. ಎದುರುಮನೆಯವರು ಎಲ್ಲವನ್ನೂ ಎಥನಾಲ್ ಬೆರೆಸಿದ ಪೆಟ್ರೋಲಿನ ತಲೆಗೆ ಕಟ್ಟಿದರು. ಅದು ಪೂರ್ತಿ ಹುಸಿಯೇನಲ್ಲ. ಎಥನಾಲ್ ಹಳೇ ರಬ್ಬರ್ ಪೈಪನ್ನು ಹಾಳುಮಾಡುತ್ತದೆ, ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಬ್ಬಿಸಿ ಕಾರ್ಬುರೇಟರಿನ ಜೆಟ್‌ಗೆ ತಂದು ತುರುಕುತ್ತದೆ. ಆದರೆ ಅವರು ತಮ್ಮ ಮಂಡಿನೋವಿಗೂ ಅದೇ ಪೆಟ್ರೋಲನ್ನು ಬೈಯುವವರಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ರಾಯರ ವಿಶೇಷವೆಂದರೆ ಅವರು ಯಾರ ಮಾತನ್ನೂ ತೆಗೆದುಹಾಕುವವರಲ್ಲ. ಎಲ್ಲರ ಸಲಹೆಯನ್ನೂ, ಒಂದೇ ಸಲಕ್ಕೆ, ಜಾರಿಗೆ ತರುವವರು. ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿಯನ್ನೂ ಜಾಲಾಡಿ ಚೀಲ ತುಂಬಿಸಿಕೊಂಡು ಬಂದರು. ಪ್ಲಗ್, ಪ್ಲಗ್ ವೈರು, ಸಿಬಿ ಪಾಯಿಂಟ್, ಕಂಡೆನ್ಸರ್, ರೋಟರ್, ಡಿಸ್ಟ್ರಿಬ್ಯೂಟರ್ ಕ್ಯಾಪು, ಪೆಟ್ರೋಲ್ ಪಂಪಿನ ಕಿಟ್ಟು, ಕಾರ್ಬುರೇಟರ್ ಗ್ಯಾಸ್ಕೆಟ್ಟು ಎಲ್ಲವೂ ಹೊಸದು. ಒಂದೇ ಭಾನುವಾರ ಅಷ್ಟನ್ನೂ ಬದಲಾಯಿಸಿ ಸೆಲ್ಫ್ ಹೊಡೆದರು. ಇಂಜಿನ್ ಮೊದಲಿಗಿಂತ ಬೇರೆ ಥರ ನಡುಗಿತು.

ಇದಕ್ಕೆಲ್ಲ ಲೆಡ್ಜರ್ ಇತ್ತು. ಬ್ಯಾಂಕಿನ ಉದ್ದ ಪುಸ್ತಕ, ಕೆಂಪು ಗೆರೆ. ದಿನಾಂಕ, ಲಕ್ಷಣ, ಬದಲಿಸಿದ ಭಾಗ, ವೆಚ್ಚ, ಫಲಿತಾಂಶ ಎಂಬ ಕಾಲಮ್ಮುಗಳು. ನಾನು ಕಣ್ಣಾಡಿಸಿದ ಪುಟದಲ್ಲಿ ಫಲಿತಾಂಶದ ಕಾಲಮ್ಮಿನ ಉದ್ದಕ್ಕೂ ಒಂದೇ ವಾಕ್ಯ: 'ಸುಧಾರಣೆಯಾದಂತೆ ತೋರುತ್ತದೆ.' ತೆಗೆದ ಹಳೇ ಸಾಮಾನುಗಳು ಮೈಸೂರುಪಾಕಿನ ಖಾಲಿ ಡಬ್ಬಿಯಲ್ಲಿದ್ದವು. ಒಂದೊಂದಕ್ಕೂ ದಾರ ಕಟ್ಟಿ, ಚೀಟಿ ಅಂಟಿಸಿ, ಚೀಟಿಯ ಮೇಲೆ ಸಹಿ. ಎಸೆಯುವುದು ಅವರ ಜಾಯಮಾನವಲ್ಲ.

ಸರಿಯಾದ ರೋಗನಿದಾನ ಬಂದದ್ದು ಅಡುಗೆಮನೆಯಿಂದ. ಕಾಫಿ ತಂದಿಟ್ಟ ಮನೆಯಾಕೆ ಹೇಳಿದರು: "ಹುಳಿ ಕೆಟ್ಟಿದೆ ಅಂತ ಉಪ್ಪು, ಖಾರ, ಬೆಲ್ಲ ಎಲ್ಲಾ ಒಟ್ಟಿಗೆ ಸುರಿದ್ರೆ, ಕೆಡಿಸಿದ್ದು ಯಾವುದು ಅಂತ ಯಾವ ಬಾಯಿಗೆ ಗೊತ್ತಾಗುತ್ತೆ?" ರಾಯರು ಇದನ್ನು ಲೆಡ್ಜರಿನಲ್ಲಿ ನಮೂದಿಸಲಿಲ್ಲ.

ಕೊನೆಗೆ ಮಂಡಿ ಮೊಹಲ್ಲಾದಿಂದ ಒಬ್ಬ ಮುದಿ ಮೇಸ್ತ್ರಿಯನ್ನು ಕರೆಸಿದರು. ಆತನ ಕೈಯಲ್ಲಿದ್ದದ್ದು ಒಂದು ಸ್ಕ್ರೂ ಡ್ರೈವರ್, ಹಿಡಿಗೆ ಟ್ಯೂಬ್ ಸುತ್ತಿದ ಒಂದು ಕಟಿಂಗ್ ಪ್ಲೇಯರ್, ಕಿವಿಯ ಮೇಲೊಂದು ಬೀಡಿ. ರಾಯರು ಲೆಡ್ಜರ್ ತೆರೆದು ಇತಿಹಾಸ ಒಪ್ಪಿಸತೊಡಗಿದರು. "ಇರ್ಲಿ ಸಾರ್, ಗಾಡಿನೇ ಹೇಳ್ತದೆ" ಎಂದು ಆತ ಇಂಜಿನ್ ಓಡುತ್ತಿದ್ದಂತೆಯೇ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದು ಮತ್ತೆ ಸಿಕ್ಕಿಸಿದ. ಯಾವ ವೈರು ಎಳೆದರೆ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ನಾಲ್ಕಕ್ಕೂ ಸದ್ದು ಬದಲಾಯಿತು. "ಒಂದ್ರದ್ದು ಕಾಯಿಲೆ ಅಲ್ಲ, ನಾಲ್ಕಕ್ಕೂ ಅಷ್ಟಷ್ಟು ಇದೆ" ಎಂದ. ಕಾರ್ಬುರೇಟರಿನ ಬುಡಕ್ಕೆ ಒಂದಿಷ್ಟು ಸೋಪಿನ ನೀರು ಹಚ್ಚಿ ನೋಡಿದ. ಎಲ್ಲೂ ಏರ್ ಎಳೆಯುತ್ತಿರಲಿಲ್ಲ. ಆಮೇಲೆ ಇಂಜಿನ್ ನಿಲ್ಲಿಸಿ, ಡಿಸ್ಟ್ರಿಬ್ಯೂಟರ್ ಕ್ಯಾಪು ಬಿಚ್ಚಿ, ಕೀ ಆನ್ ಮಾಡಿಸಿ, ಪಾಯಿಂಟನ್ನು ಸ್ಕ್ರೂ ಡ್ರೈವರಿನ ತುದಿಯಿಂದ ಬಿಡಿಸಿದ. ಬಿಡಿಸಿದಾಗೆಲ್ಲ ಅಲ್ಲೇ ಚಟ್ ಎಂದು ದಪ್ಪ ನೀಲಿ ಕಿಡಿ. ಕಂಡೆನ್ಸರ್ ಸರಿಯಿದ್ದರೆ ಪಾಯಿಂಟಿನ ಬಾಯಲ್ಲಿ ಕಿಡಿ ಕಂಡೂ ಕಾಣದಷ್ಟಿರಬೇಕು. ಪ್ಲಗ್ಗಿಗೆ ಹೋಗಬೇಕಾದ ಜೋರೆಲ್ಲ ಇಲ್ಲೇ ಸುಟ್ಟುಹೋಗುತ್ತಿತ್ತು.

"ಈ ಕಂಡೆನ್ಸರ್ ಯಾರು ಹಾಕಿದ್ದು?"

"ನಾನೇ. ಹೊಸದು."

"ಅದಕ್ಕೇ. ಹಳೇದು ಎಲ್ಲಿ?"

ಮೈಸೂರುಪಾಕಿನ ಡಬ್ಬಿ ಬಂತು. ಮೇಸ್ತ್ರಿ ಚೀಟಿಯನ್ನು ಓದಲಿಲ್ಲ, ಕಿತ್ತು ಬಿಸಾಕಿದ. ಹಳೇ ಕಂಡೆನ್ಸರನ್ನು ಸ್ಕ್ರೂ ತಿರುಗಿಸಿ ಕೂರಿಸಿ, ಪಾಯಿಂಟನ್ನು ಉಜ್ಜಿ, ಜೇಬಿನಲ್ಲಿದ್ದ ಯಾರದೋ ವಿಸಿಟಿಂಗ್ ಕಾರ್ಡನ್ನು ಅದರ ಸಂದಿಗೆ ತೂರಿಸಿ ಗ್ಯಾಪ್ ನೋಡಿಕೊಂಡು, ಸೆಲ್ಫ್ ಹೊಡೆಯಲು ಕಣ್ಣಿನಲ್ಲೇ ಹೇಳಿದ. ಇಂಜಿನ್ ಹಿಡಿದುಕೊಂಡು ಹಗುರವಾಗಿ ನಿಂತಿತು. ಗಣಪತಿ ಅಲುಗಲಿಲ್ಲ.

ಬೀದಿಯವರೆಲ್ಲ ಚಪ್ಪಾಳೆ ತಟ್ಟಿದೆವು. ರಾಯರ ಮುಖ ಮಾತ್ರ ಅರಳಲಿಲ್ಲ. "ಅಲ್ಲಯ್ಯಾ, ಹೊಸ ಕಂಡೆನ್ಸರ್ ಹಾಕೋಕೆ ಮುಂಚೆಯೂ ಮಿಸ್ಸಿಂಗ್ ಇತ್ತಲ್ಲ? ಆವಾಗಿನದು ಯಾವುದು?" ಮೇಸ್ತ್ರಿ ಬೀಡಿ ಹಚ್ಚಿಕೊಂಡ. ಪ್ಲಗ್ ಇರಬಹುದು, ವೈರಿರಬಹುದು, ಕೊಳೆಯಿರಬಹುದು. ನೀವೇ ಎಲ್ಲ ಬದಲಾಯಿಸಿಬಿಟ್ಟಿದ್ದೀರಲ್ಲ ಎಂದ. ಓಡುತ್ತಿರುವ ಗಾಡಿಯ ಮುಂದೆ ನಿಂತು, ಮೂಲ ಕಾರಣ ಪತ್ತೆಯಾಗದೆ ಫೈಲ್ ಮುಚ್ಚುವುದು ಹೇಗೆಂದು ರಾಯರು ಒದ್ದಾಡಿದರು. ಡಬ್ಬಿಯಲ್ಲಿದ್ದ ಹಳೇ ಪ್ಲಗ್ಗುಗಳನ್ನು ಮತ್ತೆ ಹಾಕಿ ಮಿಸ್ಸಿಂಗ್ ಬರುತ್ತದೆಯೇ ನೋಡೋಣವೆಂದೂ ಒಮ್ಮೆ ಸೂಚಿಸಿದರು. ಮೇಸ್ತ್ರಿ ಕೂಲಿ ಇಸಿದುಕೊಂಡು ಬೇಗ ಹೊರಟ.

ಈಗ ಅವರ ಮನೆಯ ಮುಂದೆ ಎರಡು ಫಿಯಟ್ಟುಗಳಿವೆ. ಎರಡನೆಯದನ್ನು 'ಪಾರ್ಟ್ಸ್‌ಗೆ' ಎಂದು ತಂದದ್ದು. ಹಳೇ ಕಾರಿನವರು ಎಲ್ಲ ಕಡೆಯೂ ಮಾಡುವ ಕೆಲಸವಿದು, ತಪ್ಪಿಲ್ಲ. ಬಣ್ಣ ಹೋಗಿದೆ, ಸೀಟು ಹರಿದಿದೆ, ಒಂದು ಬಾಗಿಲಿಗೆ ಹಗ್ಗ ಕಟ್ಟಿದೆ. ಆದರೆ ಕೀ ತಿರುಗಿಸಿದರೆ, ತಣ್ಣಗಿದ್ದರೂ, ಒಂದೇ ಸೆಲ್ಫಿಗೆ ಸ್ಟಾರ್ಟ್. ಮೊನ್ನೆ ಅದರ ಬಾನೆಟ್ ಎತ್ತಿ ಕಿವಿಗೊಟ್ಟು ನಿಂತಿದ್ದರು. ಹೇಗಿದೆ ಸಾರ್ ಎಂದೆ.

"ನನಗ್ಯಾಕೋ ಅನುಮಾನ" ಎಂದರು ರಾಯರು ದನಿ ತಗ್ಗಿಸಿ. "ಇಷ್ಟು ಸರಿಯಾಗಿ ಓಡ್ತಿದೆ ಅಂದ್ರೆ ಒಳಗೆ ಏನೋ ಇರಲೇಬೇಕು."